ಎಂಜಿನ್ನಿನ ನೀರಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆಯುವ ಬಗೆ

ಡೀಸೆಲ್ ಪೈಪಿನಲ್ಲಿ "ಏರ್ ಹಿಡಿಯುವುದು" ಎಂದರೇನು ಎಂಬುದನ್ನು ಟ್ರ್ಯಾಕ್ಟರು ಇಟ್ಟುಕೊಂಡಿರುವ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಟ್ಯಾಂಕು ಬರಿದಾದರೆ, ಫಿಲ್ಟರು ಬದಲಾಯಿಸಿದರೆ, ಪೈಪಿನ ನಟ್ಟು ಸಡಿಲವಾದರೆ ಗಾಳಿ ಒಳಸೇರುತ್ತದೆ. ಎಂಜಿನ್ನು ಕೆಮ್ಮಿದಂತೆ ಮಾಡಿ ನಿಂತುಬಿಡುತ್ತದೆ. ಆಗ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಕಾದು ಮತ್ತೆ ಬಿಗಿ ಮಾಡುತ್ತಾರೆ. ಈ ಕೆಲಸವನ್ನು ಹೊಲದ ನಡುವೆಯೇ ಮಾಡಬಲ್ಲ ರೈತರು ಪ್ರತಿ ಊರಿನಲ್ಲಿಯೂ ಇದ್ದಾರೆ.

ಇದೇ ಗಾಳಿ ರೇಡಿಯೇಟರಿನ ನೀರಿನಲ್ಲಿಯೂ ಸಿಕ್ಕಿಕೊಳ್ಳಬಲ್ಲದು ಎಂಬುದು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಎರಡರ ಪರಿಣಾಮದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಡೀಸೆಲ್ಲಿನಲ್ಲಿ ಗಾಳಿ ಸೇರಿದರೆ ಎಂಜಿನ್ನು ನಿಲ್ಲುತ್ತದೆ, ಹಾನಿಯೇನೂ ಆಗುವುದಿಲ್ಲ. ನೀರಿನಲ್ಲಿ ಗಾಳಿ ಸೇರಿದರೆ ಎಂಜಿನ್ನು ನಿಲ್ಲುವುದಿಲ್ಲ. ಓಡುತ್ತಲೇ ಇರುತ್ತದೆ, ಓಡುತ್ತಲೇ ಒಳಗೊಳಗೆ ಕೆಡುತ್ತದೆ. ಹೆಡ್ಡು ಸೊಟ್ಟಗಾಗುವುದು, ಗ್ಯಾಸ್ಕೆಟ್ಟು ಸುಡುವುದು, ಎರಡು ವಾಲ್ವುಗಳ ನಡುವಣ ಕಬ್ಬಿಣದಲ್ಲಿ ಕೂದಲೆಳೆಯಂತೆ ಬಿರುಕು ಬೀಳುವುದು, ಪಿಸ್ಟನ್ನು ಲೈನರಿಗೆ ಕಚ್ಚಿಕೊಳ್ಳುವುದು, ಇವು ಅದರ ಫಲ. ರಿಪೇರಿಯ ಖರ್ಚು ಒಂದು ಕಡೆಯಾದರೆ, ಬಿತ್ತನೆಯ ಹದ ಇರುವ ನಾಲ್ಕು ದಿನಗಳಲ್ಲಿ ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ನಿಲ್ಲುವ ನಷ್ಟ ಇನ್ನೊಂದು ಕಡೆ.

ರೇಡಿಯೇಟರು ಬಿಚ್ಚಿ ಬೆಸುಗೆ ಹಾಕಿಸಿದಾಗ, ಹೋಸ್ ಪೈಪು ಬದಲಾಯಿಸಿದಾಗ, ನೀರಿನ ಪಂಪು ಹೊಸದು ಹಾಕಿದಾಗ, ಹೆಡ್ಡು ಬಿಚ್ಚಿ ಕೂರಿಸಿದಾಗ, ಕೊನೆಗೆ ಹಳೆಯ ನೀರನ್ನು ಸುಮ್ಮನೆ ಬಸಿದು ಹೊಸದನ್ನು ತುಂಬಿದಾಗ ಕೂಡ ಗಾಳಿ ಒಳಗೆ ಉಳಿಯುವ ಸಂಭವವಿದೆ. ಆದ್ದರಿಂದ ಅದನ್ನು ಹೊರಹಾಕುವ ಬಗೆಯನ್ನು ತಿಳಿದಿರುವುದು ಅವಶ್ಯ. ಇದಕ್ಕೆ ವಿಶೇಷ ಉಪಕರಣಗಳೇನೂ ಬೇಕಾಗಿಲ್ಲ. ತಾಳ್ಮೆ ಬೇಕು, ಒಂದು ಗಂಟೆಯ ಕಾಲ ಬೇಕು.

ನೀರು ಮಾಡುವ ಕೆಲಸ

ಸುಡುವ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಎಂಜಿನ್ನಿನ ಶಕ್ತಿಯಾಗಿ ನಮಗೆ ದಕ್ಕುತ್ತದೆ. ಇನ್ನೊಂದು ಪಾಲು ಹೊಗೆಯೊಂದಿಗೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ನೀರು ಹೊತ್ತು ರೇಡಿಯೇಟರಿಗೆ ಸಾಗಿಸಿ ಗಾಳಿಗೆ ಬಿಡಬೇಕು. ಸ್ಥೂಲವಾಗಿ ಹೇಳುವುದಾದರೆ, ಎಂಜಿನ್ನು ಎಷ್ಟು ಕೆಲಸ ಮಾಡುತ್ತದೆಯೋ ಹೆಚ್ಚುಕಡಮೆ ಅಷ್ಟೇ ಶಾಖವನ್ನು ನೀರು ಹೊರಬೇಕಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 35 ಅಶ್ವಶಕ್ತಿಯ ಟ್ರ್ಯಾಕ್ಟರು ಪೂರ್ಣ ಭಾರದಲ್ಲಿ ದುಡಿಯುತ್ತಿರುವಾಗ ನೀರಿಗೆ ಸೇರುವ ಶಾಖ ನಿಮಿಷಕ್ಕೆ ಸುಮಾರು 370 ಕಿಲೋಕ್ಯಾಲೊರಿ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಬೇಕು. ಒಳಗೆ 10 ಲೀಟರು ನೀರಿದ್ದು, ಅದು 80 ಡಿಗ್ರಿಯಲ್ಲಿದೆಯೆಂದಿಟ್ಟುಕೊಳ್ಳಿ. ನೀರಿನ ಓಟ ಏನೋ ಕಾರಣದಿಂದ ನಿಂತರೆ ಅದು 100 ಡಿಗ್ರಿ ಮುಟ್ಟಲು ಬೇಕಾದುದು 200 ಕಿಲೋಕ್ಯಾಲೊರಿ. ಅಂದರೆ ಅರ್ಧ ನಿಮಿಷದ ಮಾತು! ಎಂಜಿನ್ನಿನ ಕಬ್ಬಿಣವೂ ಒಂದಷ್ಟು ಶಾಖ ಹೀರುವುದರಿಂದ ಇನ್ನೂ ಸ್ವಲ್ಪ ತಡವಾಗಬಹುದು. ಆದರೂ ಸಾಲಿನ ಆ ತುದಿಯಿಂದ ಈ ತುದಿಗೆ ಬರುವುದರೊಳಗೆ ಕೆಲಸ ಕೆಟ್ಟಿರುತ್ತದೆ. ಕೆಸರುಗದ್ದೆಯಲ್ಲಿ ರೋಟವೇಟರು ಹೊಡೆಯುವವರು, ಒಕ್ಕಣೆ ಯಂತ್ರಕ್ಕೆ ಕಟ್ಟಿ ಒಂದೇ ಕಡೆ ನಿಲ್ಲಿಸಿ ಓಡಿಸುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಗಾಳಿ ಹೇಗೆ ಅಡ್ಡಿಯಾಗುತ್ತದೆ?

ಮೊದಲನೆಯದಾಗಿ, ಗಾಳಿ ಶಾಖವನ್ನು ಹೊರಲಾರದು. ನೀರಿಗೆ ಹೋಲಿಸಿದರೆ ಅದರಲ್ಲಿ ಶಾಖ ಹರಿಯುವ ವೇಗ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಮೆ. ಹೆಡ್ಡಿನೊಳಗೆ ಒಂದು ಮೂಲೆಯಲ್ಲಿ ಗಾಳಿ ನಿಂತರೆ ಆ ಜಾಗದ ಕಬ್ಬಿಣಕ್ಕೆ ನೀರು ತಾಗುವುದಿಲ್ಲ. ಸುತ್ತಮುತ್ತ ಎಲ್ಲಾ ತಂಪಾಗಿದ್ದು ಆ ಒಂದು ಜಾಗ ಮಾತ್ರ ವಿಪರೀತ ಕಾಯುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ನೀರಿರುವ ತನಕ ತಳ ಸುಡುವುದಿಲ್ಲ; ನೀರು ಆರಿದ ಕಡೆ ಮಾತ್ರ ಕರಕಾಗುತ್ತದೆ. ಇಲ್ಲಿಯೂ ಹಾಗೆಯೇ. ಕಾದ ಜಾಗ ಹಿಗ್ಗುತ್ತದೆ, ಪಕ್ಕದ ತಂಪು ಕಬ್ಬಿಣ ಹಿಗ್ಗಲು ಬಿಡುವುದಿಲ್ಲ. ಬಿರುಕು ಹುಟ್ಟುವುದು ಈ ಜಗ್ಗಾಟದಲ್ಲಿ.

ಎರಡನೆಯದಾಗಿ, ಗಾಳಿ ಪಂಪನ್ನು ಕೈಕಟ್ಟಿ ಕೂರಿಸುತ್ತದೆ. ಎಂಜಿನ್ನಿನ ಮುಂಭಾಗದಲ್ಲಿ ಫ್ಯಾನಿನ ಹಿಂದೆ ಇರುವ ನೀರಿನ ಪಂಪು ಬೇರೇನೂ ಅಲ್ಲ, ನಮ್ಮ ಬಾವಿಯ ಮೇಲಿನ ಸೆಂಟ್ರಿಫ್ಯೂಗಲ್ ಪಂಪಿನ ಚಿಕ್ಕ ತಮ್ಮ. ಫುಟ್ ವಾಲ್ವು ಸೋರಿ ಪಂಪಿನೊಳಗೆ ಗಾಳಿ ಸೇರಿದರೆ ಮೋಟಾರು ಎಷ್ಟು ತಿರುಗಿದರೂ ನೀರು ಬರುವುದಿಲ್ಲವಲ್ಲವೇ? ಮೇಲಿನ ಬಾಯಿಂದ ನೀರು ಹೊಯ್ದು, ಗಾಳಿ ತಿರುಪು ಬಿಚ್ಚಿ ಗಾಳಿ ಬಿಟ್ಟ ಮೇಲೆಯೇ ಅದು ನೀರೆತ್ತುತ್ತದೆ. ಎಂಜಿನ್ನಿನ ಪಂಪಿಗೂ ಅದೇ ನಿಯಮ. ಅದರ ಮಧ್ಯಕ್ಕೆ ಗಾಳಿಯ ಗುಳ್ಳೆ ಬಂದು ಕೂತರೆ ರೆಕ್ಕೆಗಳು ಗಾಳಿಯನ್ನೇ ಕಡೆಯುತ್ತಿರುತ್ತವೆ, ನೀರು ನಿಂತಲ್ಲಿಯೇ ನಿಲ್ಲುತ್ತದೆ.

ಮೂರನೆಯದು ಆವಿಯ ಪ್ರಶ್ನೆ. ಗಾಳಿ ನಿಂತ ಕಡೆ ಕಬ್ಬಿಣ ಕಾದು ಅದರ ಅಂಚಿನ ನೀರು ಕುದಿಯುತ್ತದೆ. ಒಂದು ಲೀಟರು ನೀರು ಸಾಮಾನ್ಯ ಒತ್ತಡದಲ್ಲಿ ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಹೀಗಾಗಿ ಚಮಚದಷ್ಟು ನೀರು ಕುದಿದರೂ ಸಾಕು, ಆ ಆವಿ ಉಳಿದ ನೀರನ್ನು ತಳ್ಳಿ ರೇಡಿಯೇಟರಿನ ಬಾಯಿಂದ ಹೊರಚೆಲ್ಲುತ್ತದೆ. ನೀರು ಕಡಮೆಯಾದಷ್ಟೂ ಗಾಳಿಗೆ ಜಾಗ ಹೆಚ್ಚು. ಒಂದು ಸಲ ಆರಂಭವಾದರೆ ಇದು ತಾನಾಗಿ ಬೆಳೆಯುವ ರೋಗ.

ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಪ್ರತಿ 300 ಮೀಟರು ಎತ್ತರಕ್ಕೆ ಸುಮಾರು ಒಂದು ಡಿಗ್ರಿ ಕಡಮೆಯಾಗುತ್ತದೆ. ಬೆಂಗಳೂರಿನ ಸುತ್ತಿನಲ್ಲಿ ಸುಮಾರು 97 ಡಿಗ್ರಿಗೆ, ಮಡಿಕೇರಿಯ ಎತ್ತರದಲ್ಲಿ 96 ಡಿಗ್ರಿಗೆ ಕುದಿ ಬರುತ್ತದೆ. ಇದನ್ನು ತಡೆಯಲೆಂದೇ ರೇಡಿಯೇಟರಿಗೆ ಸ್ಪ್ರಿಂಗ್ ಇರುವ ಒತ್ತಡದ ಮುಚ್ಚಳ ಹಾಕಿರುತ್ತಾರೆ. ಚದರ ಅಂಗುಲಕ್ಕೆ 7 ಪೌಂಡು ಒತ್ತಡ ತಡೆಯುವ ಮುಚ್ಚಳವಿದ್ದರೆ ನೀರು ಕುದಿಯಲು ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿಯಾಗಬೇಕಾಗುತ್ತದೆ. ಮುಚ್ಚಳ ಕಳೆದುಹೋಯಿತೆಂದು ಬಟ್ಟೆ ತುರುಕಿ, ಹಳೆಯ ಡಬ್ಬಿಯ ಮುಚ್ಚಳ ಒತ್ತಿ ಓಡಿಸುವ ಪದ್ಧತಿ ಅಲ್ಲಲ್ಲಿ ಕಾಣುತ್ತದೆ. ಅದು ಕೂಡದು. ಮುಚ್ಚಳದ ಬೆಲೆ ಹೆಡ್ಡಿನ ಬೆಲೆಯ ಮುಂದೆ ಏನೇನೂ ಅಲ್ಲ.

ಗಾಳಿ ಅಡಗುವ ಜಾಗಗಳು

ಗಾಳಿ ಸದಾ ಮೇಲಕ್ಕೆ ಏರುತ್ತದೆ. ಮೇಲೆ ದಾರಿ ಇಲ್ಲದ ಕಡೆ ನಿಲ್ಲುತ್ತದೆ. ಕೊಡವನ್ನು ಬೋರಲು ಮಾಡಿ ಬಾವಿಯ ನೀರಿಗೆ ಒತ್ತಿದರೆ ಒಳಗಿನ ಗಾಳಿ ಹೊರಬರುವುದಿಲ್ಲ, ನೀರು ಒಳಗೆ ಹೋಗುವುದಿಲ್ಲ. ಎಂಜಿನ್ನಿನಲ್ಲಿಯೂ ಬೋರಲು ಕೊಡದಂತಹ ಒಂದು ಜಾಗವಿದೆ. ಅದು ಥರ್ಮೋಸ್ಟಾಟಿನ ಕೆಳಭಾಗ.

ಥರ್ಮೋಸ್ಟಾಟು ಎಂದರೆ ಹೆಡ್ಡಿನಿಂದ ನೀರು ಹೊರಡುವ ಬಾಯಲ್ಲಿರುವ ಬಾಗಿಲು. ಅದರೊಳಗೆ ಒಂದು ಬಗೆಯ ಮೇಣವಿದೆ. ಎಂಜಿನ್ನು ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ. ನೀರು 80 ಡಿಗ್ರಿ ದಾಟುವ ಸುಮಾರಿಗೆ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ನಾವು ರೇಡಿಯೇಟರಿಗೆ ನೀರು ಹೊಯ್ಯುವುದು ಎಂಜಿನ್ನು ತಣ್ಣಗಿರುವಾಗ. ಆಗ ನೀರು ಕೆಳಗಿನ ಹೋಸಿನಿಂದ ಎಂಜಿನ್ನಿನೊಳಗೆ ಹೋಗಿ ಮೇಲೇರುತ್ತದೆ. ಅಲ್ಲಿದ್ದ ಗಾಳಿ ಮುಚ್ಚಿದ ಬಾಗಿಲಿನ ಕೆಳಗೆ ಸಿಕ್ಕಿಬೀಳುತ್ತದೆ. ಹೊರಗಿನಿಂದ ನೋಡಿದರೆ ರೇಡಿಯೇಟರು ಬಾಯಿಮಟ್ಟ ತುಂಬಿದೆ. ಒಳಗೆ ಹೆಡ್ಡಿನ ತಲೆ ಒಣಗಿದೆ!

ಇದನ್ನು ಅರಿತೇ ಅನೇಕ ಥರ್ಮೋಸ್ಟಾಟುಗಳ ಅಂಚಿನಲ್ಲಿ ಒಂದು ಸಣ್ಣ ತೂತು ಮಾಡಿ, ಅದರಲ್ಲಿ ಅಲುಗಾಡುವ ಒಂದು ಮೊಳೆ ಇಟ್ಟಿರುತ್ತಾರೆ. ಗಾಳಿ ಆ ತೂತಿನಿಂದ ನಿಧಾನವಾಗಿ ಮೇಲೆ ಬರುತ್ತದೆ. ಥರ್ಮೋಸ್ಟಾಟನ್ನು ನಿಲುವಾಗಿ ಕೂರಿಸುವ ಎಂಜಿನ್ನುಗಳಲ್ಲಿ ಈ ತೂತು ಮೇಲ್ಗಡೆಗೇ ಬರಬೇಕು. ಕೆಳಗೆ ಮಾಡಿ ಕೂರಿಸಿದರೆ ಅದು ಇದ್ದೂ ಇಲ್ಲದಂತೆ. ಮೆಕ್ಯಾನಿಕ್ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಇದನ್ನೊಂದು ನೋಡಿಕೊಳ್ಳಿ.

ಇನ್ನು ಕೆಲವರು ಥರ್ಮೋಸ್ಟಾಟೇ ಎಲ್ಲ ತೊಂದರೆಗೂ ಮೂಲವೆಂದು ಅದನ್ನು ಕಿತ್ತೆಸೆಯುತ್ತಾರೆ. ನಮ್ಮ ಸೆಖೆಗೆ ಅದು ಬೇಡವೆಂಬ ವಾದವನ್ನೂ ಕೇಳಿದ್ದೇವೆ. ಈ ವಾದ ಸರಿಯಲ್ಲ. ಥರ್ಮೋಸ್ಟಾಟು ಇಲ್ಲದಿದ್ದರೆ ಎಂಜಿನ್ನು ಹದವಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯದೆ ಎಣ್ಣೆಗೆ ಇಳಿಯುತ್ತದೆ, ಲೈನರು ಬೇಗ ಸವೆಯುತ್ತದೆ. ಅಷ್ಟೇ ಅಲ್ಲ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟು ತೆರೆದಾಗ ಒಳದಾರಿಯನ್ನು ಮುಚ್ಚುವ ಕೆಲಸವನ್ನೂ ಅದೇ ಮಾಡುತ್ತದೆ. ಕಿತ್ತುಹಾಕಿದರೆ ನೀರು ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲಿಯೇ ಸುತ್ತಿ ಎಂಜಿನ್ನು ಇನ್ನಷ್ಟು ಕಾಯುತ್ತದೆ.

ಗಾಳಿ ಇದೆಯೆಂದು ತಿಳಿಯುವುದು ಹೇಗೆ?

ಮೊದಲ ಸೂಚನೆ ಅಳತೆಯಲ್ಲಿಯೇ ಸಿಗುತ್ತದೆ. ಕೈಪಿಡಿಯಲ್ಲಿ 10 ಲೀಟರು ಹಿಡಿಯುತ್ತದೆಂದು ಬರೆದಿದ್ದು, ಪೂರ್ತಿ ಬಸಿದ ರೇಡಿಯೇಟರು ಮತ್ತು ಬ್ಲಾಕು ಎಂಟು ಲೀಟರಿಗೇ ತುಂಬಿ ಬಂದರೆ ಉಳಿದ ಎರಡು ಲೀಟರಿನ ಜಾಗದಲ್ಲಿ ಗಾಳಿ ಇದೆಯೆಂದೇ ಅರ್ಥ. ಆದ್ದರಿಂದ ನೀರನ್ನು ಅಂದಾಜಿನಲ್ಲಿ ಹೊಯ್ಯದೆ ಲೀಟರಿನಲ್ಲಿ ಅಳೆದು ಹೊಯ್ಯುವುದು ಒಳ್ಳೆಯದು.

ಓಡಿಸುವಾಗ ಶಾಖದ ಮುಳ್ಳು ಒಮ್ಮೆ ಮೇಲೇರಿ ತಟ್ಟನೆ ಕೆಳಗಿಳಿದು ಮತ್ತೆ ಏರುವುದು, ಹೆಡ್ಡಿನ ಹತ್ತಿರ ಹುಕ್ಕಾ ಸೇದಿದಂತೆ ಗೊಳಗೊಳ ಸದ್ದು ಕೇಳುವುದು, ಮುಳ್ಳು ಕೆಂಪಿನಲ್ಲಿದ್ದರೂ ಮೇಲಿನ ಹೋಸು ಕೈಗೆ ತಣ್ಣಗಿರುವುದು, ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲಿಯೂ ಸೋರದೆ ನೀರಿನ ಮಟ್ಟ ಕೆಳಗಿಳಿದಿರುವುದು, ಇವೆಲ್ಲಾ ಗಾಳಿಯ ಗುರುತುಗಳು. ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಶಾಖ ಅಳೆಯುವ ಗುಂಡಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಗಾಳಿಯ ನಡುವೆ ಅದು ನಿಂತಿದ್ದರೆ ಕಬ್ಬಿಣ ಸುಡುತ್ತಿದ್ದರೂ ಮುಳ್ಳು ಮಧ್ಯದಲ್ಲಿಯೇ ಇರಬಹುದು. ಮುಳ್ಳು ಏರಿಲ್ಲವೆಂದು ನಿಶ್ಚಿಂತೆಯಿಂದಿರುವುದು ತಪ್ಪು. ಎಂಜಿನ್ನಿನಿಂದ ಬಿಸಿ ಬಣ್ಣದ ವಾಸನೆ ಬಂದರೆ, ಎಳೆಯುವ ಶಕ್ತಿ ಕುಗ್ಗಿದರೆ ನಿಲ್ಲಿಸಿ ನೋಡಬೇಕು.

ಕಾಯುವ ಎಂಜಿನ್ನುಗಳಿಗೆಲ್ಲಾ ಗಾಳಿಯೇ ಕಾರಣವೆಂದು ಹೇಳುತ್ತಿಲ್ಲ. ಫ್ಯಾನ್ ಬೆಲ್ಟು ಸಡಿಲವಾಗಿರಬಹುದು. ರೇಡಿಯೇಟರಿನ ಮುಂದಿನ ಜಾಲರಿಗೆ ಹೊಟ್ಟು, ಹುಲ್ಲಿನ ಬೀಜ ಮೆತ್ತಿಕೊಂಡಿರಬಹುದು. ಒಳಗೆ ಸುಣ್ಣ ಕಟ್ಟಿರಬಹುದು. ಮೊದಲೆರಡನ್ನು ಕಣ್ಣಿನಿಂದಲೇ ನೋಡಿ ತಿಳಿಯಬಹುದಾದ್ದರಿಂದ ಅವನ್ನು ಮೊದಲು ನೋಡಿ.

ಗಾಳಿ ತೆಗೆಯುವ ಕ್ರಮ

ಈ ಕೆಲಸವನ್ನು ಎಂಜಿನ್ನು ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಗಿನ ಹೊತ್ತು ಹಿಡಿಯುವುದು ಉತ್ತಮ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಒತ್ತಡ ಬಿಟ್ಟ ಕ್ಷಣವೇ ಒಳಗಿನ ನೀರು ಕುದಿದು ಮುಖದ ಮೇಲೆ ಚಿಮ್ಮುತ್ತದೆ; ಕಣ್ಣು ಹೋಗುವ ಅಪಾಯವಿದೆ.

ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಎತ್ತರದಲ್ಲಿರುವಂತೆ ಸಣ್ಣ ದಿಬ್ಬದ ಮೇಲೆ ನಿಲ್ಲಿಸಿ. ಒಂದು ಗೇಣು ಎತ್ತರವಾದರೂ ಸಾಕು. ರೇಡಿಯೇಟರಿನ ಬಾಯಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಎತ್ತರದ ಜಾಗವಾಗಬೇಕೆಂಬುದೇ ಇದರ ಉದ್ದೇಶ. ಗೇರು ನ್ಯೂಟ್ರಲಿನಲ್ಲಿರಲಿ, ಬ್ರೇಕು ಕಚ್ಚಿಸಿ, ಹಿಂದಿನ ಎರಡೂ ಗಾಲಿಗಳಿಗೆ ಕಲ್ಲು ಕೊಡಿ. ಕ್ಯಾಬಿನ್ ಇದ್ದು ಅದಕ್ಕೆ ಬಿಸಿಗಾಳಿಯ ಏರ್ಪಾಡು ಇರುವ ಟ್ರ್ಯಾಕ್ಟರಾದರೆ ಅದರ ಗುಂಡಿಯನ್ನು ಪೂರ್ತಿ "ಬಿಸಿ"ಗೆ ತಿರುಗಿಸಿಡಬೇಕು. ಇಲ್ಲವಾದರೆ ಆ ಕೊಳವೆಯೊಳಗಿನ ಗಾಳಿ ಅಲ್ಲಿಯೇ ಉಳಿಯುತ್ತದೆ.

ಥರ್ಮೋಸ್ಟಾಟಿನ ಗೂಡಿನ ಮೇಲೆ ಅಥವಾ ಹೆಡ್ಡಿನ ಮೇಲ್ತುದಿಯಲ್ಲಿ ಗಾಳಿ ಬಿಡುವ ತಿರುಪು ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಇದ್ದರೆ ಅದನ್ನು ಎರಡು ಸುತ್ತು ಸಡಿಲಿಸಿ. ಈಗ ರೇಡಿಯೇಟರಿಗೆ ನೀರನ್ನು ಸಣ್ಣ ಧಾರೆಯಾಗಿ ಹೊಯ್ಯಿರಿ. ಬಕೆಟ್ಟಿನಿಂದ ಒಂದೇ ಸಲ ಸುರಿಯುವುದು ಸರಿಯಲ್ಲ. ನೀರು ಇಳಿಯುವ ಬಾಯಿಂದಲೇ ಗಾಳಿಯೂ ಮೇಲೆ ಬರಬೇಕಲ್ಲವೇ? ಬಾಯಿ ತುಂಬಾ ನೀರು ಬಂದರೆ ಗಾಳಿಗೆ ದಾರಿ ಎಲ್ಲಿ? ನಡುನಡುವೆ ನಿಲ್ಲಿಸಿ, ಮೇಲಿನ ಹೋಸು ಕೆಳಗಿನ ಹೋಸುಗಳನ್ನು ಕೈಯಿಂದ ಹತ್ತು ಹದಿನೈದು ಸಲ ಹಿಂಡಿ ಬಿಡಿ. ಹಸುವಿನ ಕೆಚ್ಚಲು ಹಿಂಡಿದ ಕೈಗೆ ಈ ಕೆಲಸ ಕಷ್ಟವಲ್ಲ. ಪ್ರತಿ ಸಲ ಹಿಂಡಿದಾಗಲೂ ಗುಳ್ಳೆಗಳು ಬುಳಬುಳನೆ ಬಾಯಿಗೆ ಬಂದು ನೀರಿನ ಮಟ್ಟ ಇಳಿಯುವುದು ಕಾಣುತ್ತದೆ. ಗಾಳಿ ತಿರುಪಿನಿಂದ ನೊರೆ ನಿಂತು ಗುಳ್ಳೆಯಿಲ್ಲದ ನೀರು ಬಂದ ಕೂಡಲೇ ಅದನ್ನು ಬಿಗಿ ಮಾಡಿ. ತಿರುಪು ಹಿತ್ತಾಳೆಯದಾದ್ದರಿಂದ ಪಾನಾ ಹಾಕಿ ಬಲವಾಗಿ ತಿರುಗಿಸಿದರೆ ಮುರಿಯುತ್ತದೆ.

ತಿರುಪು ಇಲ್ಲದ ಎಂಜಿನ್ನುಗಳೂ ಬಹಳ ಇವೆ. ಅವುಗಳಲ್ಲಿ ಶಾಖದ ಗುಂಡಿಯನ್ನೋ ಹೆಡ್ಡಿನ ಮೇಲಿನ ಬೇರೆ ಪ್ಲಗ್ಗನ್ನೋ ಸಡಿಲಿಸಿ ಗಾಳಿ ಬಿಡುವ ಕ್ರಮವಿದೆ. ಅದನ್ನು ಬಲ್ಲವರಿಂದ ಮಾಡಿಸಿ.

ಬಾಯಿಮಟ್ಟ ತುಂಬಿದ ಮೇಲೆ ಮುಚ್ಚಳ ಹಾಕದೆ ಎಂಜಿನ್ನು ಚಾಲೂ ಮಾಡಿ ನಿಧಾನಗತಿಯಲ್ಲಿ ಓಡಲು ಬಿಡಿ. ಹೆಗಲ ಮೇಲಿನ ಟವೆಲು, ಜೋಲುವ ಪಂಚೆಯ ತುದಿ ಫ್ಯಾನಿನ ಹತ್ತಿರ ಸುಳಿಯದಿರಲಿ. ಮಕ್ಕಳನ್ನು ದೂರವಿಡಿ. ಮೊದಲ ಕೆಲವು ನಿಮಿಷ ಬಿಡಿಬಿಡಿಯಾಗಿ ಗುಳ್ಳೆ ಬರುತ್ತದೆ. ಆಮೇಲೆ ನೀರು ಬಿಸಿಯಾಗುತ್ತ ಬಂದಂತೆ ಮಟ್ಟ ಸ್ವಲ್ಪ ಏರುತ್ತದೆ. ಇದು ಸಹಜ, 20 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ 10 ಲೀಟರು ನೀರು ಸುಮಾರು ಮೂರನೆಯ ಒಂದು ಲೀಟರಿನಷ್ಟು ಹಿಗ್ಗುತ್ತದೆ. ನೀರು ಉಕ್ಕುವಂತಾದರೆ ಹಿಂದೆ ಸರಿದು ನಿಲ್ಲಿ.

ಈಗ ಕಾಯಬೇಕಾದುದು ಥರ್ಮೋಸ್ಟಾಟು ತೆರೆಯುವ ಕ್ಷಣಕ್ಕಾಗಿ. ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡುತ್ತಿರಿ. ಇಷ್ಟು ಹೊತ್ತು ಬೆಚ್ಚಗಿದ್ದುದು ಇದ್ದಕ್ಕಿದ್ದಂತೆ ಬಿಸಿಯಾದರೆ ಬಾಗಿಲು ತೆರೆಯಿತೆಂದು ತಿಳಿಯಬೇಕು. ಆಗ ಒಳಗೆ ಸಿಕ್ಕಿದ್ದ ಗಾಳಿ ತೇಗಿದಂತೆ ಒಮ್ಮೆಲೇ ಹೊರಬಂದು ನೀರಿನ ಮಟ್ಟ ಅಂಗುಲಗಟ್ಟಲೆ ಕುಸಿಯುತ್ತದೆ. ಅಲ್ಲಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆ. ಪಕ್ಕದಲ್ಲಿ ಬಿಸಿ ನೀರು ಇಟ್ಟುಕೊಂಡಿದ್ದು ಅದನ್ನೇ ನಿಧಾನವಾಗಿ ತುಂಬಿಸಿ. ಎಂಜಿನ್ನು ಓಡುತ್ತಿರುವಾಗ, ಸ್ವಲ್ಪಸ್ವಲ್ಪವಾಗಿ ತುಂಬಬೇಕು. ಕಾದ ಹೆಡ್ಡಿಗೆ ಬಾವಿಯ ತಣ್ಣೀರು ಒಮ್ಮೆಲೇ ಬಿದ್ದರೆ ಬಿರುಕು ಬಿಡುವ ಭಯವಿದೆ.

ವೇಗವನ್ನು ಎರಡು ಮೂರು ಸಲ ಮಧ್ಯಮಕ್ಕೆ ಏರಿಸಿ ಇಳಿಸಿ. ಮೂಲೆಯಲ್ಲಿ ಅಂಟಿಕೊಂಡಿದ್ದ ಸಣ್ಣ ಗುಳ್ಳೆಗಳು ನೀರಿನ ರಭಸಕ್ಕೆ ಬಿಟ್ಟುಕೊಂಡು ಬರುತ್ತವೆ. ಐದು ನಿಮಿಷ ಒಂದೇ ಸಮನೆ ನೋಡಿದರೂ ಗುಳ್ಳೆ ಕಾಣದಿದ್ದರೆ ಮುಚ್ಚಳ ಹಾಕಿ, ಅರ್ಧ ಗಂಟೆ ಹಗುರವಾದ ಕೆಲಸದಲ್ಲಿ ಓಡಿಸಿ ನಿಲ್ಲಿಸಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮುಚ್ಚಳ ತೆಗೆದು ನೋಡಿದರೆ ಸ್ವಲ್ಪ ನೀರು ಹಿಡಿಯುತ್ತದೆ. ತುಂಬಿಸಿ. ಮೂರನೆಯ ದಿನವೂ ನೋಡಿ. ಆಮೇಲೂ ಮಟ್ಟ ಇಳಿಯುತ್ತಿದ್ದರೆ ಗಾಳಿ ಉಳಿದಿರುವುದಲ್ಲ, ಹೊಸದಾಗಿ ಬರುತ್ತಿದೆ ಎಂದರ್ಥ.

ಮತ್ತೆ ಮತ್ತೆ ಗಾಳಿ ಬರುತ್ತಿದ್ದರೆ

ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಇರುವ ಟ್ರ್ಯಾಕ್ಟರುಗಳಲ್ಲಿ ಮೊದಲು ಆ ಬಾಟಲಿಯನ್ನೇ ಸಂಶಯಿಸಬೇಕು. ರೇಡಿಯೇಟರಿನ ಮುಚ್ಚಳದಲ್ಲಿ ಎರಡು ವಾಲ್ವುಗಳಿವೆ. ದೊಡ್ಡದು ಬಿಸಿಯಲ್ಲಿ ಹಿಗ್ಗಿದ ನೀರನ್ನು ಬಾಟಲಿಗೆ ಬಿಡುತ್ತದೆ. ಸಣ್ಣದು ರಾತ್ರಿ ಎಂಜಿನ್ನು ತಣಿದಾಗ ಅದೇ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಾಟಲಿಯಲ್ಲಿ ನೀರು ಆರಿದ್ದರೆ ಅಥವಾ ಅದರ ಸಣ್ಣ ಕೊಳವೆ ಸೀಳಿದ್ದರೆ ನೀರಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಪ್ರತಿ ರಾತ್ರಿ ಒಂದಿಷ್ಟು ಗಾಳಿ! ತಣ್ಣಗಾದ ಮೇಲೆ ಹೋಸು ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಿದ್ದರೆ ಸಣ್ಣ ವಾಲ್ವು ಕಚ್ಚಿಕೊಂಡಿದೆ, ಮುಚ್ಚಳ ಬದಲಾಯಿಸಿ.

ಕೆಳಗಿನ ಹೋಸು ಪಂಪಿನ ಎಳೆಯುವ ಕಡೆ ಇರುವುದರಿಂದ ಅಲ್ಲಿಯ ಕ್ಲಿಪ್ಪು ಸಡಿಲವಾಗಿದ್ದರೆ ಎಂಜಿನ್ನು ಓಡುವಾಗ ನೀರು ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುವ ಸಾಧ್ಯತೆಯಿದೆ. ಸಕ್ಷನ್ ಪೈಪಿನ ಸೋರಿಕೆಯನ್ನು ಬಾವಿಯಲ್ಲಿ ಕಂಡವರಿಗೆ ಇದು ಹೊಸದಲ್ಲ.

ಎಲ್ಲಕ್ಕಿಂತ ಗಂಭೀರವಾದುದು ಹೆಡ್ ಗ್ಯಾಸ್ಕೆಟ್ಟು ಸುಟ್ಟಿರುವುದು. ಆಗ ಬರುವುದು ಗಾಳಿಯಲ್ಲ, ಸಿಲಿಂಡರಿನೊಳಗಿನ ಹೊಗೆ. ಪರೀಕ್ಷೆ ಸುಲಭ. ತಣ್ಣಗಿರುವಾಗ ಫ್ಯಾನ್ ಬೆಲ್ಟು ಕಳಚಿ, ರೇಡಿಯೇಟರು ಬಾಯಿಮಟ್ಟ ತುಂಬಿ, ಎಂಜಿನ್ನನ್ನು ಅರ್ಧ ನಿಮಿಷ ಮಾತ್ರ ಓಡಿಸಿ. ಪಂಪು ತಿರುಗುತ್ತಿಲ್ಲವಾದ್ದರಿಂದ ನೀರು ಅಲುಗಾಡದೆ ನಿಂತಿರಬೇಕು. ಚಾಲೂ ಮಾಡಿದ ಕೂಡಲೇ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ ಗ್ಯಾಸ್ಕೆಟ್ಟು ಹೋಗಿದೆ ಅಥವಾ ಹೆಡ್ಡಿನಲ್ಲಿ ಬಿರುಕಿದೆ. ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಅದರೊಳಗೂ ಸೇರಿದೆ. ಆ ಸ್ಥಿತಿಯಲ್ಲಿ ಒಂದು ಸಾಲೂ ಉಳಬೇಡಿ.

ಟ್ಯಾಂಕು ನೀರಿನ ಪಂಪ್‌ಸೆಟ್ ಎಂಜಿನ್ನು

ಪಂಪು ಇಲ್ಲದೆ, ಪಕ್ಕದಲ್ಲಿಟ್ಟ ಟ್ಯಾಂಕಿನ ನೀರು ತಾನಾಗಿಯೇ ಸುತ್ತುವ ಹಳೆಯ ಎಂಜಿನ್ನುಗಳು ಇನ್ನೂ ಕೆಲವೆಡೆ ಕೆಲಸ ಮಾಡುತ್ತಿವೆ. ಬಿಸಿ ನೀರು ಹಗುರವಾಗಿ ಮೇಲಿನ ಪೈಪಿನಿಂದ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿನ ಪೈಪಿನಿಂದ ಎಂಜಿನ್ನಿಗೆ ಇಳಿಯುತ್ತದೆ. ಇಲ್ಲಿ ನೋಡಬೇಕಾದುದು ಎರಡೇ. ಮೇಲಿನ ಪೈಪು ಎಂಜಿನ್ನಿನಿಂದ ಟ್ಯಾಂಕಿನವರೆಗೆ ಎಲ್ಲಿಯೂ ಗೂನು ಬೀಳದೆ ಏರುತ್ತಲೇ ಹೋಗಬೇಕು, ಏಕೆಂದರೆ ಗೂನಿನಲ್ಲಿ ಗಾಳಿ ನಿಲ್ಲುತ್ತದೆ. ಎರಡನೆಯದು, ಟ್ಯಾಂಕಿನ ನೀರು ಯಾವಾಗಲೂ ಮೇಲಿನ ಪೈಪಿನ ಬಾಯಿಗಿಂತ ನಾಲ್ಕು ಬೆರಳು ಮೇಲಿರಬೇಕು. ಬಾಯಿ ಬಯಲಾದ ಕ್ಷಣದಿಂದ ನೀರಿನ ಸುತ್ತಾಟ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ನೀರಿದ್ದರೂ ಅದು ಎಂಜಿನ್ನಿಗೆ ಪ್ರಯೋಜನವಿಲ್ಲ.

ವಿಮಾನದಲ್ಲಿಯೂ ಇದೇ ತೊಂದರೆ

ಈ ಗಾಳಿಯ ಕಾಟ ಟ್ರ್ಯಾಕ್ಟರಿಗೆ ಮಾತ್ರ ಸೀಮಿತವಲ್ಲ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ "ಹಂಸ" ಎಂಬ ಎರಡು ಆಸನದ ತರಬೇತಿ ವಿಮಾನದ ಹೆಸರನ್ನು ಕೆಲವರು ಕೇಳಿರಬಹುದು. ಅದರ ಹೊಸ ಮಾದರಿ 2021ರಲ್ಲಿ ಮೊದಲ ಸಲ ಹಾರಿತು. ಅದರಲ್ಲಿರುವುದು ಆಸ್ಟ್ರಿಯಾ ದೇಶದ ರೋಟ್ಯಾಕ್ಸ್ ಎಂಜಿನ್ನು. ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಸಿಲಿಂಡರಿನ ಮೈ ಗಾಳಿಯಿಂದ ತಣಿಯುತ್ತದೆ, ಹೆಡ್ಡುಗಳು ಮಾತ್ರ ಕೂಲೆಂಟಿನಿಂದ ತಣಿಯುತ್ತವೆ.

ವಿಮಾನ ಏರುವಾಗ ಮೂತಿ ಮೇಲೆ, ಇಳಿಯುವಾಗ ಕೆಳಗೆ, ತಿರುಗುವಾಗ ಪಕ್ಕಕ್ಕೆ ವಾಲುತ್ತದೆ. ಮೇಲೆ ಹೋದಂತೆ ಕುದಿಯುವ ಡಿಗ್ರಿಯೂ ಇಳಿಯುತ್ತದೆ. 3,000 ಮೀಟರಿನಲ್ಲಿ ಬರೀ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಗಾಳಿ ಹಿಡಿಯಿತೆಂದು ಬದುವಿನ ಪಕ್ಕದಲ್ಲಿ ನಿಲ್ಲಿಸುವಂತೆಯೂ ಇಲ್ಲ! ಆದ್ದರಿಂದ ಅಲ್ಲಿ ಪ್ರತಿ ಹೆಡ್ಡಿನ ಮೇಲ್ಭಾಗದಿಂದ ಒಂದೊಂದು ಕೊಳವೆ ಹೊರಟು ಒಂದು ಸಣ್ಣ ಟ್ಯಾಂಕನ್ನು ಸೇರುವಂತೆ ಮಾಡಿದ್ದಾರೆ. ಒತ್ತಡದ ಮುಚ್ಚಳ ಇರುವುದು ಆ ಟ್ಯಾಂಕಿಗೆ. ಇಡೀ ವ್ಯವಸ್ಥೆಯಲ್ಲಿ ಅದೇ ಅತ್ಯಂತ ಎತ್ತರದಲ್ಲಿರಬೇಕೆಂಬುದು ತಯಾರಕರ ಕಟ್ಟುನಿಟ್ಟಿನ ನಿಯಮ. ಹೆಡ್ಡಿನಲ್ಲಿ ಹುಟ್ಟಿದ ಗುಳ್ಳೆ ಅಲ್ಲಿ ನಿಲ್ಲದೆ ಟ್ಯಾಂಕಿಗೆ ಏರುತ್ತದೆ. ದಿನದ ಮೊದಲ ಹಾರಾಟಕ್ಕೆ ಮುಂಚೆ, ಎಂಜಿನ್ನು ತಣ್ಣಗಿರುವಾಗ, ಆ ಟ್ಯಾಂಕಿನ ಮಟ್ಟವನ್ನು ನೋಡಲೇಬೇಕು. ಎರಡನೆಯ ಮಹಾಯುದ್ಧ ಕಾಲದ ಸ್ಪಿಟ್‌ಫೈರ್ ವಿಮಾನದ 27 ಲೀಟರು ಗಾತ್ರದ ಮರ್ಲಿನ್ ಎಂಜಿನ್ನಿಗೂ ಮುಂಭಾಗದಲ್ಲಿ ಹೀಗೆಯೇ ಒಂದು ಟ್ಯಾಂಕು ಇತ್ತು.

ನಾವು ಟ್ರ್ಯಾಕ್ಟರಿನ ಮುಂಗಾಲಿಗಳನ್ನು ದಿಬ್ಬಕ್ಕೆ ಹತ್ತಿಸುವುದರಿಂದ ಸಾಧಿಸುವುದೂ ಇದನ್ನೇ.

ಯಾವ ನೀರು?

ಬೋರ್‌ವೆಲ್ಲಿನ ಗಡಸು ನೀರು ಬೇಡ. ಅದರ ಸುಣ್ಣ ಹೆಡ್ಡಿನ ಸಂದುಗಳಲ್ಲಿ ಕಟ್ಟಿ, ಗುಳ್ಳೆ ಹೊರಡುವ ದಾರಿಯನ್ನೂ ಮುಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಒಳ್ಳೆಯದು. ಕೂಲೆಂಟ್ ಬೆರೆಸುವಂತೆ ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನು ತಪ್ಪಿಸಬಾರದು. ತುಕ್ಕು ಹಿಡಿಯದಂತೆ ತಡೆಯುವುದಲ್ಲದೆ ಕುದಿಯುವ ಡಿಗ್ರಿಯನ್ನೂ ಅದು ಸ್ವಲ್ಪ ಮೇಲೇರಿಸುತ್ತದೆ. ಅರ್ಧಕ್ಕರ್ಧ ಬೆರೆಸಿದ ಗ್ಲೈಕಾಲ್ ಕೂಲೆಂಟ್ ಮುಚ್ಚಳದ ಒತ್ತಡವಿಲ್ಲದೆಯೇ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ. ಬೇರೆ ಬೇರೆ ಕಂಪನಿಯ, ಬೇರೆ ಬಣ್ಣದ ಕೂಲೆಂಟುಗಳನ್ನು ಬೆರಕೆ ಮಾಡಬೇಡಿ.

ಗಾಳಿ ತೆಗೆಯುವಾಗ ಉಕ್ಕಿ ಚೆಲ್ಲಿದ ಕೂಲೆಂಟನ್ನು ಹಾಗೆಯೇ ಬಿಟ್ಟು ಹೋಗಬಾರದು. ಅದು ರುಚಿಗೆ ಸಿಹಿ, ಆದರೆ ಘೋರ ವಿಷ. ನಾಯಿ ನೆಕ್ಕಿದರೂ, ಕರು ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಕೆಲಸಕ್ಕೆ ಮುಂಚೆ ಎಂಜಿನ್ನಿನ ಕೆಳಗೆ ಅಗಲವಾದ ತಟ್ಟೆ ಇಡಿ. ನೆಲಕ್ಕೆ ಬಿದ್ದುದರ ಮೇಲೆ ಮಣ್ಣೆಳೆದು, ಆ ಮಣ್ಣನ್ನು ಬಾವಿಗೂ ದನದ ಕೊಟ್ಟಿಗೆಗೂ ದೂರವಾದ ಕಡೆ ಗುಂಡಿ ತೋಡಿ ಮುಚ್ಚಿ. ಉಳಿದ ಕೂಲೆಂಟಿನ ಡಬ್ಬಿಯನ್ನು ಅಡಿಗೆಮನೆಯ ಎಣ್ಣೆ ಡಬ್ಬಿಗಳ ಸಾಲಿನಲ್ಲಿಡದೆ, ಕೀಟನಾಶಕಗಳನ್ನಿಡುವ ಬೀಗದ ಪೆಟ್ಟಿಗೆಯಲ್ಲಿ ಇಡತಕ್ಕದ್ದು.